ಫೈನಲ್ ಹೊತ್ತಿಗೆ ಯಾರಿರ್ತಾರೆ?

"ಕಂಬಳದ ಮೊದಲಿನ ಗಮ್ಮತ್ತು ಈಗ ಇಲ್ಲ ಮಾರಾಯ್ರೆ" ಅನ್ನೋ ಮಾತು ಬಂಟ್ವಾಳ, ಮೂಡುಬಿದಿರೆ ಕಡೆ ಹೋಟೆಲುಗಳಲ್ಲಿ ಆಗಾಗ ಕಿವಿಗೆ ಬೀಳ್ತದೆ. ಹಾಗಂತ ಜನಕ್ಕೇನೂ ಬರ ಇಲ್ಲ. 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಕಂಬಳಕ್ಕೇ ಕುತ್ತು ಬಂದಾಗ, 2017ರ ಜನವರಿಯಲ್ಲಿ ಮೂಡುಬಿದಿರೆಗೆ ಕೋಣಗಳನ್ನೇ ಕರ್ಕೊಂಡು ಬಂದು ಪ್ರತಿಭಟಿಸಿದ ಊರು ಇದು. 2023ರಲ್ಲಿ ಅದೇ ಕೋರ್ಟು ಕಂಬಳದ ಕಾಯ್ದೆಯನ್ನು ಎತ್ತಿಹಿಡಿಯಿತು.

ನಡುವೆ, 2020ರಲ್ಲಿ, ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ಲೋಕಕ್ಕೇ ಸುದ್ದಿಯಾಯ್ತು. ಕೆಲವೇ ದಿನಗಳಲ್ಲಿ ಬೆಳ್ತಂಗಡಿಯ ವೇಣೂರಿನಲ್ಲಿ ನಿಶಾಂತ್ ಶೆಟ್ಟರು 143 ಮೀಟರಿಗೆ ತಗೊಂಡದ್ದು 13.61. ಆಮೇಲೆ ಎಲ್ಲರ ಬಾಯಲ್ಲೂ ಸೆಕೆಂಡಿನದ್ದೇ ಲೆಕ್ಕ. ಅಜ್ಜನ ಜೊತೆ ಹೋಗ್ತಿದ್ದಾಗ ನಾವು ನೋಡ್ತಿದ್ದದ್ದು ಕನೆ ಹಲಗೆಯ ನೀರು ನಿಶಾನೆಗೆ ಹಾರ್ತದಾ ಅಂತ. ಹಾರಿದ್ರೆ ಗದ್ದೆಯಿಡೀ ಬೊಬ್ಬೆ!

ನನ್ನ ತಕರಾರು ಗಡಿಯಾರದ ಮೇಲಲ್ಲ, ತಡದ ಮೇಲೆ. ಶನಿವಾರ ಶುರುವಾದದ್ದು ಆದಿತ್ಯವಾರ ಮಧ್ಯಾಹ್ನವಾದ್ರೂ ಮುಗಿಯೋದಿಲ್ಲ. ಗಂತಿನಲ್ಲಿ ಕೋಣಗಳು ನಿಂತೇ ಇರ್ತವೆ, ಬಿಡುವ ಲಕ್ಷಣವೇ ಇಲ್ಲ. ಕಳೆದ ಸಲ ಒಂದು ಕಡೆ ಹಗ್ಗ ಹಿರಿಯದ ಫೈನಲ್ ಬಿಟ್ಟಾಗ ಮಂಜೊಟ್ಟಿಯ ಹತ್ರ ಇದ್ದದ್ದು ಯಜಮಾನರ ಮನೆಯವರು, ನಾಲ್ಕೈದು ಹಿರಿಯರು, ಮತ್ತೆ ನಾನು. ರೀಲ್ಸ್ ಮಾಡಿದವರೆಲ್ಲ ರಾತ್ರಿಯೇ ಮನೆಗೆ ಹೋಗಿ ಮಲಗಿ ಆಗಿತ್ತು.