ಸಿಂಹ, ಲಿಯೋ, ಲೇಯ: ಒಂದು ಮೃಗ, ಎರಡು ಪದಕುಟುಂಬ

ಕಲಬುರಗಿ ಜಿಲ್ಲೆಯ ಸನ್ನತಿ ಭೀಮಾ ನದಿಯ ದಂಡೆಯ ಮೇಲಿರುವ ಗ್ರಾಮ. ಇಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಛಾವಣಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳಿರುವುದು ಬೆಳಕಿಗೆ ಬಂದಿತು. ಬ್ರಾಹ್ಮೀ ಲಿಪಿ ಹಾಗೂ ಪ್ರಾಕೃತ ಭಾಷೆಯ ಈ ಬರಹಗಳಲ್ಲಿ ಅವನ 12ನೆಯ ಶಾಸನದ ಭಾಗವೂ ಸೇರಿದೆ. ಇದೇ ಶಾಸನದ ಕೊನೆಯ ಭಾಗ ಅಫ್ಘಾನಿಸ್ತಾನದ ಕಂದಹಾರದಲ್ಲಿ ಗ್ರೀಕ್ ಭಾಷೆಯಲ್ಲಿ ದೊರೆತಿದೆ. ಒಬ್ಬ ಅರಸನ ಒಂದೇ ಮಾತು ಎರಡು ಭಾಷೆಗಳಲ್ಲಿ ಪ್ರಜೆಗಳನ್ನು ತಲಪಿದ ಕಾಲವದು. ಮೃಗರಾಜನಿಗೆ ಆ ಎರಡು ಭಾಷೆಗಳು ಕೊಟ್ಟ ಹೆಸರುಗಳು ಎರಡು ದೊಡ್ಡ ಪದಕುಟುಂಬಗಳಾಗಿ ಬೆಳೆದವು.

ಲ್ಯಾಟಿನ್ ಕವಲು

ಗ್ರೀಕರ ‘ಲಿಯೋನ್’ ರೋಮನ್ನರ ಲ್ಯಾಟಿನ್‌ನಲ್ಲಿ ‘ಲಿಯೋ’ ಆಯಿತು. ಗ್ರೀಕ್ ಪದದ ಮೂಲ ಖಚಿತವಾಗಿಲ್ಲ. ಲ್ಯಾಟಿನ್ ಪದದಿಂದ ಇಟಲಿಯ ‘ಲೆಯೋನೆ’, ಸ್ಪೇನಿನ ‘ಲೆಯೋನ್’, ಫ್ರೆಂಚರ ‘ಲಿಯೋಂ’ ನೇರವಾಗಿ ಹುಟ್ಟಿದವು. ಇಂಗ್ಲಿಷಿನ ‘ಲಯನ್’ ಫ್ರೆಂಚ್ ಮೂಲಕ ಬಂದದ್ದು. ಜರ್ಮನ್ನರ ‘ಲ್ಯೋವೆ’ಯೂ ಲ್ಯಾಟಿನ್ನಿನ ಎರವಲು. ರಷ್ಯನ್ ಭಾಷೆಯ ‘ಲೆವ್’ ಸಹ ಈ ಬಳಗಕ್ಕೆ ಸೇರುತ್ತದೆ. ಹಂಗೇರಿ ಭಾಷೆ ಮಾತ್ರ ‘ಅರ್ಸ್ಲಾನ್’ ಎಂಬ ತುರ್ಕಿ ಪದವನ್ನು ಆಶ್ರಯಿಸಿತು. ರೊಮೇನಿಯದ ನಾಣ್ಯದ ಹೆಸರಿಗೆ ‘ಸಿಂಹ’ ಎಂದೇ ಅರ್ಥ. ಗೋಸುಂಬೆಯ ಇಂಗ್ಲಿಷ್ ಹೆಸರಾದ ‘ಕಮೀಲಿಯನ್’ ಗ್ರೀಕಿನಲ್ಲಿ ‘ನೆಲದ ಸಿಂಹ’.

ಆದರೆ ಧ್ವನಿಸಾಮ್ಯವನ್ನು ನಂಬಿ ಮೋಸಹೋಗಬಾರದು. ಸ್ಪೇನಿನ ಲೆಯೋನ್ ನಗರದ ಹೆಸರಿನ ಮೂಲ ಸಿಂಹವಲ್ಲ, ರೋಮನ್ ಸೇನಾದಳವನ್ನು ಸೂಚಿಸುವ ‘ಲೆಗಿಯೋ’. ಕನ್ನಡದಲ್ಲಿಯೂ ಇಂಥದೇ ಉದಾಹರಣೆಯಿದೆ: ‘ನರಸಿಂಗ’ದ ‘ಸಿಂಗ’ ಸಿಂಹದ ತದ್ಭವ, ‘ಸಿಂಗಾರ’ವಾದರೋ ಶೃಂಗಾರದಿಂದ ಬಂದದ್ದು.

ಭಾರತೀಯ ಕವಲು

ಸಂಸ್ಕೃತದ ‘ಸಿಂಹ’ ಪಾಲಿ ಭಾಷೆಯಲ್ಲಿ ‘ಸೀಹ’ವಾಯಿತು. ಬುದ್ಧನಿಗೆ ಶಾಕ್ಯಸಿಂಹನೆಂಬ ಹೆಸರುಂಟು. ಅವನ ಬೋಧನೆಯನ್ನು ಬೌದ್ಧ ಗ್ರಂಥಗಳು ಸಿಂಹನಾದವೆನ್ನುತ್ತವೆ. ಸನ್ನತಿಯ ನೆರೆಯ ಕನಗನಹಳ್ಳಿಯಲ್ಲಿ ಉತ್ಖನನದಿಂದ ಹೊರಬಂದ ಮಹಾಸ್ತೂಪ ಆ ಪರಂಪರೆಗೆ ಸಾಕ್ಷಿ. ಇದೇ ಪದ ಸಿಂಹಳಕ್ಕೂ ಸಿಂಗಪುರಕ್ಕೂ ಹೆಸರಾಯಿತು. ಬಹಮನಿ ಸುಲ್ತಾನರ ಕಾಲದಲ್ಲಿ ಕಲಬುರಗಿಯ ಆಸ್ಥಾನಕ್ಕೆ ಬಂದ ಪಾರಸಿ ಭಾಷೆ ‘ಶೇರ್’ ಎಂಬ ಮತ್ತೊಂದು ಹೆಸರನ್ನು ತಂದಿತು.

ಎರಡು ಕವಲುಗಳ ಸಂಗಮ

ಈ ಎರಡು ಕುಟುಂಬಗಳು ಒಂದು ಕಡೆ ಸಂಧಿಸಿವೆ. ಆರನೆಯ ಶತಮಾನದ ವರಾಹಮಿಹಿರ ತನ್ನ ‘ಬೃಹಜ್ಜಾತಕ’ದಲ್ಲಿ ಸಿಂಹರಾಶಿಗೆ ‘ಲೇಯ’ ಎಂಬ ಹೆಸರನ್ನೂ ನೀಡುತ್ತಾನೆ. ಇದು ಗ್ರೀಕರ ‘ಲಿಯೋನ್’ ಪದದ ಸಂಸ್ಕೃತ ರೂಪ. ಯುರೋಪು ‘ಲಿಯೋ’ ಎನ್ನುವ ರಾಶಿಯೇ ನಮ್ಮ ಪಂಚಾಂಗದ ಸಿಂಹರಾಶಿ.

ಏಷ್ಯಾದ ಸಿಂಹಗಳು ಇಂದು ಕಾಡಿನಲ್ಲಿ ಉಳಿದಿರುವುದು ಗುಜರಾತಿನ ಗಿರ್ ಹಾಗೂ ಅದರ ಆಸುಪಾಸಿನಲ್ಲಿ ಮಾತ್ರ. ಅದರ ಹೆಸರು ಮಾತ್ರ ಸಿಂಹವನ್ನೇ ಕಾಣದ ನಾಡುಗಳಲ್ಲಿಯೂ ಬಾಳುತ್ತಿದೆ. ಪದಗಳ ಇಂಥ ಪಯಣವನ್ನು ಗುರುತಿಸಲು ಹಳೆಯ ಬರಹಗಳೇ ಆಧಾರ. ಸನ್ನತಿಯಲ್ಲಿ ಮೂರ್ತಿಯನ್ನು ನಿಲ್ಲಿಸಲು ಶಾಸನದ ಕಲ್ಲನ್ನೇ ಕೊರೆದಿದ್ದರಿಂದ ಹಲವು ಅಕ್ಷರಗಳು ನಷ್ಟವಾದವು. ಕಲ್ಲು ಪೀಠವಾದರೆ ಪೂಜೆ ನಡೆದೀತು. ಅಳಿದ ಅಕ್ಷರ ಮರಳಿ ಬಾರದು.