ಎಂಡ್ ಪಾಯಿಂಟ್ ಏರಿಸಿದರೆ ಸರ್ವೊ ಬಲ ಹೆಚ್ಚುತ್ತದೆಯೇ? ರಿಮೋಟ್ ವಿಮಾನದ ಸೆಟ್ಟಿಂಗ್ ಬಗ್ಗೆ ತಿಳಿಯಿರಿ

ಗೋವಿನಜೋಳ, ಹತ್ತಿ ಕಟಾವಾದ ಮೇಲೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸುತ್ತಿನ ಹೊಲಗಳು ಖಾಲಿಯಾಗುತ್ತವೆ. ರಿಮೋಟ್ ವಿಮಾನ ಹಾರಿಸಲು ಇದು ಒಳ್ಳೆಯ ಜಾಗ. ಆದರೆ ಪಕ್ಕದ ಹೊಲದಲ್ಲಿ ಕೂಲಿಯವರು, ದನಕರುಗಳು ಇರಬಹುದು. ವಿಮಾನ ಕೈತಪ್ಪಿದರೆ ಪೆಟ್ಟು ಅವರಿಗೆ. ಹೀಗಾಗಿ ಹವ್ಯಾಸಿಗಳ ನಡುವೆ ಓಡಾಡುವ ಈ ಸಲಹೆಯನ್ನು ನಾವು ಪರಿಶೀಲಿಸಿದ್ದೇವೆ.

ಹೇಳಿಕೆ: ರಿಮೋಟ್‌ನಲ್ಲಿ ಎಂಡ್ ಪಾಯಿಂಟ್ ಪೂರ್ತಿ ಏರಿಸಿದರೆ ಸರ್ವೊಗೆ ಪವರ್ ಜಾಸ್ತಿಯಾಗುತ್ತದೆ.

ವಾಸ್ತವ: ತಪ್ಪು. ಎಂಡ್ ಪಾಯಿಂಟ್ ಬದಲಿಸುವುದು ಸರ್ವೊ ಎಷ್ಟು ದೂರ ತಿರುಗುತ್ತದೆ ಎಂಬುದನ್ನು ಮಾತ್ರ, ಅದರ ಬಲವನ್ನಲ್ಲ.

ಸರ್ವೊ ಹೇಗೆ ಕೆಲಸ ಮಾಡುತ್ತದೆ?

ಸರ್ವೊ ಎಂದರೆ ರೆಕ್ಕೆ ಮತ್ತು ಬಾಲದ ಪಟ್ಟಿಗಳನ್ನು ಅಲುಗಾಡಿಸುವ ಪುಟ್ಟ ಮೋಟಾರು. ವಿಮಾನದಲ್ಲಿರುವ ರಿಸೀವರ್ ಇದಕ್ಕೆ ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಮ್ಮೆ ಒಂದು ಸಂಕೇತ ಕಳಿಸುತ್ತದೆ. ಸಂಕೇತದ ಉದ್ದ ಸುಮಾರು 1500 ಮೈಕ್ರೊಸೆಕೆಂಡ್ ಇದ್ದರೆ ಸರ್ವೊ ನಡುವೆ ನಿಲ್ಲುತ್ತದೆ. 1000ದ ಹತ್ತಿರ ಬಂದರೆ ಒಂದು ಕಡೆಗೆ, 2000ದ ಹತ್ತಿರ ಹೋದರೆ ಇನ್ನೊಂದು ಕಡೆಗೆ ತಿರುಗುತ್ತದೆ. ಎಂಡ್ ಪಾಯಿಂಟ್ ಈ ಉದ್ದದ ಗಡಿಯನ್ನು ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ, ಅಷ್ಟೇ. ಬಲ ನಿಂತಿರುವುದು ಒಳಗಿನ ಮೋಟಾರು, ಗೇರು ಮತ್ತು ಸಿಗುವ ವೋಲ್ಟೇಜ್ ಮೇಲೆ.

ಹೆಚ್ಚು ಏರಿಸಿದರೆ ಏನು ತೊಂದರೆ?

ಪಟ್ಟಿಯೋ ಕಡ್ಡಿಯೋ ಎಲ್ಲಾದರೂ ತಾಗಿ ನಿಂತರೂ ಸರ್ವೊ ಇನ್ನೂ ತಿರುಗಲು ತಿಣುಕುತ್ತದೆ. ಆಗ ಗುಂಯ್ ಎಂಬ ಸದ್ದು ಬರುತ್ತದೆ, ಸರ್ವೊ ಬಿಸಿಯಾಗುತ್ತದೆ, ಕರೆಂಟ್ ವಿಪರೀತ ಎಳೆಯುತ್ತದೆ. ಸಾಮಾನ್ಯವಾಗಿ ರಿಸೀವರ್‌ಗೂ ಅದೇ ಮೂಲದಿಂದ ವಿದ್ಯುತ್ ಹೋಗುತ್ತದೆ. ವೋಲ್ಟೇಜ್ ಕುಸಿದರೆ ರಿಸೀವರ್ ಹಾರಾಟದ ನಡುವೆಯೇ ಆಫ್ ಆಗಬಹುದು. ಆಗ ರಿಮೋಟ್ ಕೈಯಲ್ಲಿದ್ದೂ ಪ್ರಯೋಜನವಿಲ್ಲ.

ಸರಿಯಾದ ಕ್ರಮ ಯಾವುದು?

1. ಮೊದಲು ಪ್ರೊಪೆಲ್ಲರ್ ಬಿಚ್ಚಿಡಿ. ರಿಮೋಟ್ ಆನ್ ಮಾಡಿದ ಮೇಲೆಯೇ ವಿಮಾನದ ಬ್ಯಾಟರಿ ಜೋಡಿಸಿ.
2. ಟ್ರಿಮ್, ಸಬ್ ಟ್ರಿಮ್ ಎರಡನ್ನೂ ಸೊನ್ನೆಗೆ ತನ್ನಿ. ಸರ್ವೊ ನಡುವೆ ನಿಂತಾಗ ಅದರ ಹಾರ್ನ್ ಕಡ್ಡಿಗೆ ನೇರ ಅಡ್ಡವಾಗಿರುವಂತೆ ಕೂರಿಸಿ. ಸಬ್ ಟ್ರಿಮ್ ಉಳಿದ ಚೂರುಪಾರು ವ್ಯತ್ಯಾಸಕ್ಕೆ ಮಾತ್ರ.
3. ವಿಮಾನದ ಹಿಂದೆ ನಿಂತು ದಿಕ್ಕು ನೋಡಿ. ಏಲೆರಾನ್ ಸ್ಟಿಕ್ ಬಲಕ್ಕೆ ತಳ್ಳಿದರೆ ಬಲ ರೆಕ್ಕೆಯ ಪಟ್ಟಿ ಮೇಲೇಳಬೇಕು, ಎಡದ್ದು ಇಳಿಯಬೇಕು. ಎಲಿವೇಟರ್ ಸ್ಟಿಕ್ ನಿಮ್ಮತ್ತ ಎಳೆದರೆ ಬಾಲದ ಪಟ್ಟಿ ಮೇಲೇಳಬೇಕು. ಉಲ್ಟಾ ಇದ್ದರೆ ಮೆನುವಿನಲ್ಲಿ ಆ ಚಾನೆಲ್ ರಿವರ್ಸ್ ಮಾಡಿ.
4. ಎಂಡ್ ಪಾಯಿಂಟ್ ಕಡಿಮೆಯಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಏರಿಸಿ. ಪಟ್ಟಿ ಬೇಕಾದಷ್ಟು ಅಲುಗಿದ ಕೂಡಲೇ ನಿಲ್ಲಿಸಿ. ಕೊನೆಯಲ್ಲಿ ಗುಂಯ್‌ಗುಟ್ಟಿದರೆ ಇಳಿಸಿ.
5. ಫೇಲ್‌ಸೇಫ್‌ನಲ್ಲಿ ಸಿಗ್ನಲ್ ತಪ್ಪಿದಾಗ ಥ್ರಾಟಲ್ ಬಂದ್ ಆಗುವಂತೆ ಇಡಿ. ಪ್ರೊಪೆಲ್ಲರ್ ಇಲ್ಲದೆಯೇ ಮೋಟಾರು ಓಡಿಸಿ, ರಿಮೋಟ್ ಆಫ್ ಮಾಡಿ, ಅದು ನಿಲ್ಲುತ್ತದೆಯೇ ನೋಡಿ.

ಬೇರೆಯವರ ಸೆಟ್ಟಿಂಗ್ ನಕಲು ಮಾಡಬಹುದೇ?

ಬೇಡ. ರಿಮೋಟ್ ಕಂಪನಿ ಬದಲಾದರೆ 100 ಪರ್ಸೆಂಟ್ ಎಂಬುದರ ಅರ್ಥವೂ ಬದಲಾಗುತ್ತದೆ. ಹಾರ್ನ್‌ನ ಯಾವ ತೂತಿಗೆ ಕಡ್ಡಿ ಸಿಕ್ಕಿಸಿದ್ದೀರಿ ಎಂಬುದರಿಂದಲೂ ಪಟ್ಟಿಯ ಚಲನೆ ಬದಲಾಗುತ್ತದೆ. ನಿಜಕ್ಕೂ ಬಲ ಸಾಲದಿದ್ದರೆ ಕಡ್ಡಿಯನ್ನು ಹಾರ್ನ್‌ನ ಒಳಗಿನ ತೂತಿಗೆ ಸಿಕ್ಕಿಸಿ; ಚಲನೆ ಕಡಿಮೆಯಾಗಿ ಒತ್ತುವ ಬಲ ಹೆಚ್ಚುತ್ತದೆ. ಅದೂ ಸಾಲದಿದ್ದರೆ ದೊಡ್ಡ ಸರ್ವೊ ಹಾಕಬೇಕು.

ಈ ಸಲಹೆ ನಿಮ್ಮ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸುವುದಾದರೆ ಮೇಲಿನ ಐದು ಹೆಜ್ಜೆಗಳನ್ನು ಕಳಿಸಿ.