ಸಾಮಿನ ಉಡುಗೆ

ಮೈಸೂರಿನಲ್ಲಿ ಓದುತ್ತಿರುವ ಮಗಳು ದಸರಾ ರಜೆಗೆಂದು ಯಳಂದೂರಿನ ಮನೆಗೆ ಬಂದಾಗ ಅವಳ ಚೀಲದಿಂದ ಒಂದು ಜೊತೆ ಕರಿಯ ಬಟ್ಟೆ ಹೊರಬಿತ್ತು. ಮೈಗೆ ಅಂಟಿಕೊಳ್ಳುವ ಷರಾಯಿ, ಅದಕ್ಕೊಪ್ಪುವ ಬನಿಯನು. ನನ್ನ ತಾಯಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಇದೇನೇ ಇದು, ಇದನ್ನ ಹಾಕ್ಕೊಂಡು ಬೀದಿಗೆ ಹೋಗ್ತೀಯಾ?” ಎಂದರು.

“ಬೀದಿಗಲ್ಲ ಅಜ್ಜಿ, ಜಿಮ್ಮಿಗೆ. ಭಾರ ಎತ್ತೋಕೆ” ಎಂದ ಹುಡುಗಿ ನನ್ನ ಕಡೆ ತಿರುಗಿದಳು. “ಹಳಗನ್ನಡ ಪಾಠ ಹೇಳ್ತೀರಲ್ಲ ಅಪ್ಪ, ಹಿಂದಿನವರು ಏನು ಹಾಕ್ಕೊಂಡು ಸಾಮು ಮಾಡ್ತಿದ್ರು ಅಂತ ಅಜ್ಜಿಗೆ ಹೇಳಿ.”

ತಾಯಿಗೂ ಮಗಳಿಗೂ ನಡುವೆ ತೀರ್ಪು ಹೇಳುವ ಪಾಡು ಯಾರಿಗೂ ಬೇಡ. ಪುಸ್ತಕಗಳ ಮರೆ ಹೊಕ್ಕೆ.

ಮೊದಲು ಕೈಗೆ ಸಿಕ್ಕವನು ಪೋರ್ಚುಗಲ್ಲಿನ ಡೊಮಿಂಗೊ ಪಾಯೆಸ್. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಈತ ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಬೆಳಗಾಗುವ ಮೊದಲೇ ರಾಯ ಎಳ್ಳೆಣ್ಣೆ ಕುಡಿದು, ಅದನ್ನೇ ಮೈಗೆಲ್ಲ ಬಳಿದುಕೊಂಡು, ಸೊಂಟಕ್ಕೆ ಒಂದು ಚಿಕ್ಕ ಬಟ್ಟೆ ಸುತ್ತಿ, ಮಣ್ಣಿನಿಂದ ಮಾಡಿದ ಭಾರಗಳನ್ನು ಎತ್ತುತ್ತಿದ್ದನಂತೆ. ಆಮೇಲೆ ಎಣ್ಣೆಯೆಲ್ಲ ಬೆವರಾಗಿ ಹರಿಯುವತನಕ ಕತ್ತಿಯ ಸಾಮು, ಅನಂತರ ಜಟ್ಟಿಯೊಡನೆ ಕುಸ್ತಿ. ಇದೇ ಪಾಯೆಸ್ ರಾಯನನ್ನು ಜರಿಯ ಕೆಲಸದ ಬಿಳಿಯ ಪಟ್ಟೆಯುಡುಗೆಯಲ್ಲೂ ಕಂಡವನು. ಹಗಲಿಗೆ ಆ ವೈಭವ, ನಸುಕಿನ ಸಾಮಿಗೆ ಈ ತುಂಡುಬಟ್ಟೆ. ಅರಮನೆಯ ಎಲ್ಲ ಉಡುಗೆಗಳಲ್ಲಿ ಒಡೆಯನಿಗೂ ಅವನನ್ನು ಕೆಡವಬಲ್ಲ ಜಟ್ಟಿಗೂ ಸಮಾನವಾಗಿದ್ದುದು ಇದೊಂದೇ ಇರಬೇಕು.

ಭಾಷೆಯೂ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಕೆಲಸಕ್ಕೆ ನಿಂತವನು ಕಚ್ಚೆ ಕಟ್ಟುತ್ತಾನೆ, ಟೊಂಕ ಕಟ್ಟುತ್ತಾನೆ. ವೀರಗಾಸೆಯ ‘ಗಾಸೆ’ ಎಂದರೆ ಬಿಗಿದುಟ್ಟ ಕಾಸೆಯೇ. ಕಾವ್ಯದ ಭಟರು ತೊಡೆ ತಟ್ಟುತ್ತಾರೆ. ತೊಡೆ ಬರಿದಾಗಿರದಿದ್ದರೆ ಆ ಸದ್ದು ಬರುವುದು ಹೇಗೆ? ತರಗತಿಯಲ್ಲಿ ಈ ಮಾತು ಹೇಳಿದರೆ ಹುಡುಗರು ನಗುತ್ತಾರೆ, ಆದರೆ ಮರೆಯುವುದಿಲ್ಲ.

ಒಂದು ಚಡ್ಡಿ ರಾಜ್ಯದ ಮಾನದ ಪ್ರಶ್ನೆಯಾದ ಕಥೆಯೂ ನಮ್ಮಲ್ಲುಂಟು. ತಿರುಚಿನಾಪಳ್ಳಿಯ ಜಟ್ಟಿಯೊಬ್ಬ ತನ್ನ ಚಲ್ಲಣವನ್ನು ಊರಬಾಗಿಲಿಗೆ ತೂಗುಹಾಕಿ, ಗೆಲ್ಲಲಾರದವರು ಅದರಡಿಯಲ್ಲಿ ನುಸುಳಿ ಹೋಗಲಿ ಎಂದು ಸವಾಲು ಹಾಕಿದ್ದನಂತೆ. ಇನ್ನೂ ಪಟ್ಟಕ್ಕೆ ಬಾರದಿದ್ದ ಕಂಠೀರವ ನರಸರಾಜ ಒಡೆಯರು ಮಾರುವೇಷದಲ್ಲಿ ಹೋಗಿ ಅವನನ್ನು ಕೊಂದು ಬಂದರೆಂದು ಐತಿಹ್ಯ. ಅವರು ಆಳಿದ್ದು 1638ರಿಂದ 1659ರವರೆಗೆ. ಈ ಸಾಹಸವನ್ನು ಮೈಸೂರಿನ ಚರಿತ್ರೆಗೆ ಸೇರಿಸಿದ ಮಾರ್ಕ್ ವಿಲ್ಕ್ಸ್ ದಸರೆಯ ಜಟ್ಟಿಗಳ ಉಡುಗೆಯನ್ನೂ ಗುರುತಿಸಿದ್ದಾನೆ: ಅರ್ಧ ತೊಡೆಯವರೆಗಿನ, ತಿಳಿ ಕಿತ್ತಳೆ ಬಣ್ಣದ ಒಂದೇ ಒಂದು ಚಡ್ಡಿ, ಬಲಗೈಯಲ್ಲಿ ಕೋಣನ ಕೊಂಬಿನ ವಜ್ರಮುಷ್ಟಿ. ಈ ವಿಲ್ಕ್ಸ್ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಕಾಲದಲ್ಲೇ, 1807ರಲ್ಲಿ, ನಮ್ಮ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂತು.

ಇಷ್ಟು ಬಿಗಿಯಾದ ಬಟ್ಟೆ ಏತಕ್ಕೆ ಎಂಬುದನ್ನು ತಿಳಿಯಲು ಪುಸ್ತಕ ಬೇಕಿಲ್ಲ. ಅಜ್ಜನ ಬೆನ್ನುಹತ್ತಿ ನಾನೂ ಗರಡಿಗೆ ಹೋಗುತ್ತಿದ್ದೆ. ಒಳಗೆ ಲಂಗೋಟಿ, ಮೇಲೆ ದಪ್ಪ ಬಟ್ಟೆಯ ಚಡ್ಡಿ. ಬಸ್ಕಿ ಹೊಡೆಯುವಾಗ ಕಾಲಿಗೆ ತೊಡರಬಾರದು, ಗುಂಡುಕಲ್ಲು ಎತ್ತುವಾಗ ಸೆರಗಾಗಲಿ ನೆರಿಗೆಯಾಗಲಿ ಸಿಕ್ಕಿಕೊಳ್ಳಬಾರದು, ಎದುರಾಳಿಯ ಕೈಗೆ ಹಿಡಿತ ಸಿಗಬಾರದು. ನಾವು ಸಡಿಲ ಬಟ್ಟೆಯೇ ಸುಖವೆಂದುಕೊಂಡಿದ್ದೇವೆ. ಕೂತು ತಿನ್ನುವವರಿಗೆ ಅದು ಸುಖ, ಭಾರ ಹೊರುವವನಿಗೆ ಬಿಗಿಯೇ ಸುಖ. ಹನ್ನೆರಡು ತುಂಬಿದಾಗ ಲಂಗೋಟಿಗೆ ನಾಚಿ ನಾನು ಗರಡಿ ಬಿಟ್ಟೆ. ಅಜ್ಜ ಬಿಡಲಿಲ್ಲ. ಅವರ ಲಂಗೋಟಿ ಬೀದಿಯ ಜಗಲಿಯ ಹಗ್ಗದ ಮೇಲೆ, ಹೋಗಿಬರುವವರಿಗೆಲ್ಲ ಕಾಣುವಂತೆ ಒಣಗುತ್ತಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದ ಕೆ. ವಿ. ಅಯ್ಯರ್ ಅವರೂ ತುಂಡುಬಟ್ಟೆಯಲ್ಲೇ ನಿಂತು ಛಾಯಾಚಿತ್ರ ತೆಗೆಸಿಕೊಂಡವರು. ‘ಶಾಂತಲಾ’, ‘ರೂಪದರ್ಶಿ’ಗಳ ಕರ್ತೃವಿನ ಆ ಚಿತ್ರಗಳನ್ನು ಅಶ್ಲೀಲವೆಂದವರನ್ನು ನಾನು ಕಂಡಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಮಗಳು ಕೇಳಿದಳು: “ಇವರೆಲ್ಲ ಗಂಡಸರೇ ಅಲ್ವಾ?”

ಹೌದು. ನಮ್ಮ ಗರಡಿಯ ಹೊಸ್ತಿಲನ್ನು ಹೆಂಗಸರು ತುಳಿಯುವಂತಿರಲಿಲ್ಲ. ಪಾಯೆಸನ ಹಿಂದೆಯೇ ಬಂದ ನ್ಯೂನಿಜ್ ವಿಜಯನಗರದ ಅರಮನೆಯಲ್ಲಿ ಕತ್ತಿ ಗುರಾಣಿ ಹಿಡಿಯುವ, ಕುಸ್ತಿ ಆಡುವ ಹೆಂಗಸರಿದ್ದರೆಂದು ಒಂದು ಸಾಲು ಬರೆದಿದ್ದಾನೆ. ಏನುಟ್ಟು ಆಡಿದರು ಎಂಬುದಕ್ಕೆ ಆ ಸಾಲಿನಲ್ಲಿ ಜಾಗವಿಲ್ಲ. ರಾಯನ ಸೊಂಟದ ಬಟ್ಟೆ ಚರಿತ್ರೆಗೆ ಸಿಕ್ಕಿತು, ಅವರದು ಸಿಗಲಿಲ್ಲ. ಒಲಿಂಪಿಕ್ಸಿನಲ್ಲಿ ಹೆಂಗಸರು ಭಾರ ಎತ್ತಲು ಅವಕಾಶವಾದದ್ದೇ 2000ದಲ್ಲಿ. ಆ ವರ್ಷವೇ ನಮ್ಮ ನೆರೆಯ ಆಂಧ್ರದ ಕರ್ಣಂ ಮಲ್ಲೇಶ್ವರಿ ಕಂಚು ತಂದರು. ಮೊಣಕೈ ಮೊಣಕಾಲು ನೆಟ್ಟಗಾದುದು ತೀರ್ಪುಗಾರರಿಗೆ ಕಾಣಬೇಕೆಂದು ಅವನ್ನು ಬರಿದಾಗಿಡುವ ನಿಯಮವಿತ್ತು. ಮೈ ಮುಚ್ಚಿಕೊಂಡು ಸ್ಪರ್ಧಿಸಬಯಸಿದ ಹೆಣ್ಣುಮಗಳೊಬ್ಬಳ ಕೋರಿಕೆಯ ಮೇಲೆ 2011ರಲ್ಲಿ ಮೈಗಂಟುವ ಪೂರ್ಣ ಉಡುಗೆಗೂ ಒಪ್ಪಿಗೆ ಸಿಕ್ಕಿತು. ಅಂಟಿಕೊಂಡಿದ್ದರಿಂದಲೇ ಅದಕ್ಕೆ ಒಪ್ಪಿಗೆ. ಸಡಿಲವಾಗಿದ್ದರೆ ಕೀಲು ಕಾಣುತ್ತಿರಲಿಲ್ಲ. ಮಗಳ ಕರಿಯ ಷರಾಯಿಯ ವಂಶ ಇದು.

ಸಂಚಿಯ ಹೊನ್ನಮ್ಮ ನಮ್ಮೂರಿನವಳು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿ ಹಿಡಿದು, ಪತಿವ್ರತೆಯರ ಧರ್ಮವನ್ನು ಹಾಡಿದವಳು. ಆದರೂ ಹೆಣ್ಣನ್ನು ಹಳಿಯುವವರನ್ನು ನಿಲ್ಲಿಸಿ ಕೇಳದೆ ಬಿಡಲಿಲ್ಲ. ಅವಳ ಹೆಸರೆತ್ತಿದರೆ ಅಮ್ಮ ಮೆತ್ತಗಾಗುತ್ತಾರೆಂದು ನಾನು ಬಲ್ಲೆ. ಎತ್ತಿದೆ.

ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಬಟ್ಟೆಯನ್ನು ಅಂಗೈಯಲ್ಲಿ ಹೊಸಕಿ ನೋಡಿ, “ಹತ್ತಿ ಅಲ್ಲವಲ್ಲೋ, ಬೆವರು ಹೀರುತ್ತಾ?” ಎಂದರು.

ಮರುದಿನ ಬೆಳಿಗ್ಗೆ ಅದು ಒಗೆದು ಒಣಗುತ್ತಿತ್ತು. ಬೀದಿಯ ಜಗಲಿಯಲ್ಲಲ್ಲ, ಹಿತ್ತಿಲ ತಂತಿಯ ಮೇಲೆ, ಅಮ್ಮನ ಸೀರೆಯ ಮರೆಯಲ್ಲಿ.